ಊರಿನ ಛಾಯಾಗ್ರಾಹಕ

ವಾಚಕರು ಮುಂದೆ ಓದುವ ಮೊದಲು ತಮ್ಮ ನಡುಮನೆಯ ಗೋಡೆಯತ್ತ ಒಮ್ಮೆ ಕಣ್ಣು ಹಾಯಿಸಬೇಕೆಂದು ಬೇಡುತ್ತೇನೆ. ದೇವರ ಪಟಗಳ ಸಾಲಿನಲ್ಲಿಯೋ ರೇಡಿಯೋ ಇಟ್ಟ ಗೂಡಿನ ಮೇಲ್ಗಡೆಯೋ ರುಮಾಲು ಸುತ್ತಿದ ಹಿರಿಯರೊಬ್ಬರ ಭಾವಚಿತ್ರ ಇದ್ದೇ ಇರುತ್ತದೆ. ಅವರು ಯಾರೆಂಬುದು ತಮಗೆ ಗೊತ್ತು. ಆ ಚಿತ್ರವನ್ನು ತೆಗೆದವರು ಯಾರೆಂದು ಕೇಳಿದರೆ ಮಾತ್ರ ಮನೆಯವರೆಲ್ಲ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಹೊಯ್ಸಳರ ಕಾಲದ ಶಿಲ್ಪಿಗಳು ವಿಗ್ರಹದ ಪೀಠದ ಮೇಲೆ ತಮ್ಮ ಹೆಸರನ್ನು ಕೊರೆದು ಹೋದರು. ಛಾಯಾಗ್ರಾಹಕನ ಹೆಸರಾದರೋ ರಟ್ಟಿನ ಹಿಂಬದಿಯ ರಬ್ಬರ್ ಮೊಹರಿನಲ್ಲಿ ಅಡಗಿರುತ್ತದೆ. ಕಟ್ಟು ಹಾಕಿಸಿದ ದಿನವೇ ಅದು ಮುಚ್ಚಿಹೋಗುತ್ತದೆ. ಇಂಥವನ ಕಸಬು ಹೇಗೆ ನಡೆಯುತ್ತದೆ, ಅವನ ಚಿಂತೆಗಳೇನು, ಅವನ ಕಣ್ಣಿಗೆ ಹುರುಪು ತುಂಬುವುದು ಯಾವುದು ಎಂಬುದನ್ನು ನಾಲ್ಕು ಮಾತಿನಲ್ಲಿ ತಿಳಿಸಬೇಕೆಂದಿದ್ದೇನೆ.

ನಾನು ಹೇಳುವುದು ರಾಯಚೂರು ಜಿಲ್ಲೆಯ ಮೂರು ಊರುಗಳ ಮಾತು. ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲೆ ಒಂದಾದ ಮೇಲೊಂದು ಬರುತ್ತವೆಯಾದರೂ ಮೂರರ ಬಾಳುವೆ ಮೂರು ಬಗೆ. ಲಿಂಗಸುಗೂರು ಕಚೇರಿಗಳ ಊರು. ನಿಜಾಮರ ಕಾಲದಲ್ಲಿ, ೧೯೦೫ರವರೆಗೆ, ಅದೇ ಒಂದು ಜಿಲ್ಲೆಯ ಕೇಂದ್ರವಾಗಿತ್ತು. ಹಟ್ಟಿಯ ಚಿನ್ನದ ಗಣಿಯೂ ಮುದಗಲ್ಲಿನ ಕೋಟೆಯೂ ಅದರ ತಾಲೂಕಿನಲ್ಲಿವೆ. ಸಿಂಧನೂರು ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಮೈತುಂಬಿಕೊಂಡ ಭತ್ತದ ಊರು. ನಡುವೆ ಬರುವ ಮಸ್ಕಿ ಬೆಟ್ಟದ ಬುಡದ ಊರು. ಮೊದಲು ಲಿಂಗಸುಗೂರು ತಾಲೂಕಿಗೆ ಸೇರಿದ್ದದ್ದು ಈಗ ತಾನೇ ಒಂದು ತಾಲೂಕು ಕೇಂದ್ರ. ಫೋಟೋ ಅಂಗಡಿಗಳೂ ಊರಿಗೆ ತಕ್ಕಂತೆ. ಕಚೇರಿಯ ಬದಿಯಲ್ಲಿರುವವನಿಗೆ ಅರ್ಜಿಗೆ ಅಂಟಿಸುವ ಸಣ್ಣ ಚಿತ್ರಗಳೇ ಆಧಾರ. ಭತ್ತದ ಊರಿನವನಿಗೆ ಮದುವೆ. ಬೆಟ್ಟದ ಊರಿನವನಿಗೆ ಇವೆರಡರ ಜೊತೆಗೆ ಜಾತ್ರೆ.

ಹೆಸರಿನ ವಿಚಾರ ಒಂದು ಕ್ಷಣ. ಛಾಯಾಗ್ರಹಣ ಎಂಬುದು ಪಂಡಿತರು ಕಟ್ಟಿದ ಮಾತು. ನೆರಳನ್ನು ಹಿಡಿಯುವುದು ಎಂದು ಅದರ ಅರ್ಥ. ೧೮೩೯ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷಲ್ ಬಳಕೆಗೆ ತಂದ ಫೋಟೋಗ್ರಫಿ ಎಂಬ ಮಾತಿಗೆ ಗ್ರೀಕ್ ಮೂಲದಲ್ಲಿ ಬೆಳಕಿನ ಬರಹ ಎಂದರ್ಥ. ಅವರು ಬೆಳಕೆಂದದ್ದನ್ನು ನಾವು ನೆರಳೆಂದೆವು. ಜನ ಎರಡನ್ನೂ ಬಿಟ್ಟು ಪಟ ಎಂದರು. ಪಟವೆಂದರೆ ಬಟ್ಟೆ, ಬಟ್ಟೆಯ ಮೇಲೆ ಬರೆದ ಚಿತ್ರ. ಮೂರರಲ್ಲಿ ನನ್ನ ಪಕ್ಷ ನೆರಳಿನ ಕಡೆಗೆ. ಕಸಬುದಾರರನ್ನು ಬೇಕಾದರೆ ಕೇಳಿ ನೋಡಿ. ಬೆಳಕು ಎಲ್ಲರಿಗೂ ಪುಕ್ಕಟೆ ಸಿಗುತ್ತದೆ, ನೆರಳನ್ನು ಮುಖದ ಯಾವ ಬದಿಗೆ ಬೀಳಿಸಬೇಕೆಂಬುದೇ ವಿದ್ಯೆ ಎನ್ನುತ್ತಾರೆ.

ಈ ವಿದ್ಯೆ ನಮ್ಮ ಸೀಮೆಯ ರಾಜಧಾನಿಗೆ ಬಂದದ್ದು ಅರಮನೆಯ ಬಾಗಿಲಿನಿಂದ. ೧೯೪೮ರವರೆಗೆ ರಾಯಚೂರು ಹೈದರಾಬಾದು ಸಂಸ್ಥಾನದಲ್ಲಿತ್ತಷ್ಟೆ. ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ಲಾಲಾ ದೀನ್ ದಯಾಳ್. ೧೮೪೪ರಲ್ಲಿ ಮೀರತ್ತಿನ ಬಳಿಯ ಸರ್ಧಾನಾದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಲಿತು, ಇಂದೋರಿನಲ್ಲಿ ಸರಕಾರಿ ನೌಕರಿ ಮಾಡುತ್ತ ಕ್ಯಾಮರಾ ಹಿಡಿದ ಅವರು ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. ರಾಜಾ ಎಂಬ ಬಿರುದನ್ನೂ ಪಡೆದರು. ೧೮೯೨ರಲ್ಲಿ ಗೋಷಾ ಹೆಂಗಸರಿಗಾಗಿ ಬೇರೊಂದು ಸ್ಟುಡಿಯೋವನ್ನು ನಡೆಸಿದರು. ಅಲ್ಲಿ ಚಿತ್ರ ತೆಗೆಯುವವರೂ ಹೆಂಗಸೇ. ಇದು ಒಳ್ಳೆಯ ವ್ಯಾಪಾರಿಯ ಲಕ್ಷಣ. ಗಿರಾಕಿಯ ಸಂಕೋಚ ಎಲ್ಲಿದೆಯೆಂದು ಅವರು ಅರಿತಿದ್ದರು. ಇಂದಿಗೂ ನಮ್ಮ ಹಳ್ಳಿಯ ತಾಯಂದಿರು ಅಪರಿಚಿತ ಗಂಡಸಿನ ಮುಂದೆ ಸೆರಗು ಸರಿಪಡಿಸಿಕೊಳ್ಳುವುದರಲ್ಲಿಯೇ ಮುಖದ ಕಳೆಯನ್ನು ಕಳೆದುಕೊಳ್ಳುತ್ತಾರೆ. ಜಾಣನಾದ ಛಾಯಾಗ್ರಾಹಕ ಮೊದಲು ಮೊಮ್ಮಗುವನ್ನು ಅವರ ತೊಡೆಯ ಮೇಲೆ ಕೂಡಿಸುತ್ತಾನೆ. ಆಮೇಲೆ ಅವರಿಗೆ ಕ್ಯಾಮರಾದ ನೆನಪೇ ಇರುವುದಿಲ್ಲ.

ಹಿಂದಿನ ಸ್ಟುಡಿಯೋ ಹೇಗಿತ್ತೆಂದು ಇಂದಿನ ಮಕ್ಕಳಿಗೆ ವಿವರಿಸುವುದು ಕಷ್ಟ. ಒಂದು ಗೋಡೆಗೆ ಕಾರಂಜಿ, ಮೆಟ್ಟಿಲು, ಹಂಸಗಳನ್ನು ಬರೆದ ಪರದೆ. ಒಂದು ಕುರ್ಚಿ, ಒಂದು ಹೂದಾನಿ. ಮೂಲೆಯಲ್ಲಿ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ. ಗಿರಾಕಿಗೆ ಬೇಕಾದರೆ ತೊಟ್ಟುಕೊಳ್ಳಲು ಗೂಟಕ್ಕೆ ತೂಗುಹಾಕಿದ ಕೋಟು. ಒಂದೇ ಕೋಟು ಒಂದು ಊರಿನ ಎಷ್ಟೋ ಮದುಮಕ್ಕಳ ಮೈಮೇಲೆ ಕಾಣಿಸುವುದುಂಟು. ಹಿಂದೆ ಕತ್ತಲೆಕೋಣೆ. ಅದರ ಕಷ್ಟವನ್ನು ನೋಡುವವರಿಲ್ಲ. ಫಿಲ್ಮು ತೊಳೆಯುವ ಮೆಟಾಲ್, ಹೈಡ್ರೋಕ್ವಿನೋನ್ ದ್ರಾವಣಕ್ಕೆ ಇಪ್ಪತ್ತು ಡಿಗ್ರಿಯ ಸುಮಾರಿನ ತಂಪು ಬೇಕೆಂದು ಪೊಟ್ಟಣದ ಮೇಲೆ ಅಚ್ಚಾಗಿರುತ್ತಿತ್ತು. ಅದನ್ನು ಅಚ್ಚು ಹಾಕಿಸಿದವರು ಸಿಂಧನೂರಿನ ವೈಶಾಖವನ್ನು ಕಂಡವರಲ್ಲ! ನಲವತ್ತು ಡಿಗ್ರಿ ದಾಟುವ ಸೆಕೆಯಲ್ಲಿ ಫಿಲ್ಮಿನ ಮೇಲಿನ ಜಿಲಟಿನ್ ಪದರ ಮೆತ್ತಗಾಗಿ, ಬೆರಳು ತಾಗಿದರೆ ಜಾರಿ ಬರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಆ ಕೆಲಸವೆಲ್ಲ ರಾತ್ರಿ, ಅದೂ ಊರು ಮಲಗಿದ ಮೇಲೆ, ಮಣ್ಣಿನ ಹೂಜಿಯಲ್ಲಿ ತಣಿಸಿದ ನೀರಿನಲ್ಲಿಯೋ ಮಂಜುಗಡ್ಡೆಯ ತಟ್ಟೆಯ ಮೇಲೆಯೋ ನಡೆಯುತ್ತಿತ್ತು. ಗಡಸು ನೀರಿನಲ್ಲಿ ಕೊನೆಯ ತೊಳೆತ ಮಾಡಿದರೆ ಒಣಗಿದ ಮೇಲೆ ಬಿಳಿಯ ಚುಕ್ಕೆ ಬೀಳುತ್ತದೆ. ಅದಕ್ಕೆ ಸಿಹಿನೀರಿನ ಕೊಡ ಬೇರೆ. ಆಮೇಲೆ ಸೀಸದಕಡ್ಡಿ ಹಿಡಿದು ನೆಗೆಟಿವ್ ಮೇಲೆ ಕೂತರೆ ಮೈಲಿಬೇನೆಯ ಕಲೆಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ವರನ ಕಡೆಯವರಿಗೆ ತೋರಿಸುವ ಚಿತ್ರದಲ್ಲಿ ಎಷ್ಟು ಕಲೆ ಮುಚ್ಚುವುದು ಧರ್ಮ, ಎಷ್ಟು ಮುಚ್ಚಿದರೆ ಮೋಸ ಎಂಬ ಪ್ರಶ್ನೆಯನ್ನು ನಮ್ಮ ಛಾಯಾಗ್ರಾಹಕರು ಗಣಕಯಂತ್ರ ಬರುವುದಕ್ಕೆ ಬಹಳ ಮೊದಲೇ ಎದುರಿಸಿದ್ದರು.

ಇನ್ನು ವ್ಯಾಪಾರದ ಮಾತು. ಈ ಕಸಬಿನ ಆದಾಯ ಪಂಚಾಂಗದ ಮೇಲೆ ನಿಂತಿದೆ. ಆಷಾಢದಲ್ಲಿ ಲಗ್ನವಿಲ್ಲ, ಧನುರ್ಮಾಸದಲ್ಲಿ ಇಲ್ಲ, ಅಧಿಕಮಾಸ ಬಂದರೆ ಇಲ್ಲ, ಗುರು ಶುಕ್ರರು ಅಸ್ತರಾದರೆ ಇಲ್ಲ. ಉಳಿದ ದಿನಗಳಲ್ಲಿ ಒಳ್ಳೆಯ ಮುಹೂರ್ತ ಒಂದೇ ದಿನಕ್ಕೆ ಕೂಡಿಬಂದು ಒಂದು ಊರಿನಲ್ಲಿ ಹತ್ತು ಮದುವೆ ನಡೆಯುತ್ತವೆ. ಆ ಒಂದು ದಿನ ನಮ್ಮವನಿಗೆ ನಾಲ್ಕು ಕಡೆಯ ಕರೆ. ಮರುದಿನದಿಂದ ಒಂದು ತಿಂಗಳು ಅಂಗಡಿಯ ಬಾಗಿಲಲ್ಲಿ ಕೂತು ದಾರಿ ನೋಡುವುದು. ನಾಲ್ಕು ಕಡೆಗೆ ತಾನೊಬ್ಬನೇ ಹೋಗಲಾರನಾದ್ದರಿಂದ ದಿನಗೂಲಿಯ ಮೇಲೆ ಹುಡುಗರನ್ನು ಕಳಿಸಬೇಕು. ಹುಡುಗ ತಾಳಿ ಕಟ್ಟುವ ಗಳಿಗೆಯನ್ನು ತಪ್ಪಿಸಿದರೆ ಬೈಗುಳ ಅಂಗಡಿಯ ಹೆಸರಿಗೆ. ಅಕ್ಷತೆ ಬಿದ್ದ ಆ ಗಳಿಗೆ ಎರಡನೆಯ ಸಲ ಬರುವುದಿಲ್ಲವಷ್ಟೆ.

ಪಂಚಾಂಗಕ್ಕಿಂತ ದೊಡ್ಡ ದೈವ ಕಾಲುವೆ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದ ಮೇಲೆ ಸಿಂಧನೂರಿನ ಎರೆನೆಲದಲ್ಲಿ ಭತ್ತ ಬಂತು, ಭತ್ತದ ಹಿಂದೆ ಅಕ್ಕಿ ಗಿರಣಿ ಬಂತು, ಹೊರಗಿನಿಂದ ಬಂದು ನೆಲೆಸಿದವರ ಕ್ಯಾಂಪುಗಳು ಎದ್ದವು. ಎರಡು ಬೆಳೆ ಬಂದ ವರ್ಷದ ಮದುವೆಯೇ ಬೇರೆ, ಒಂದು ಬೆಳೆಯ ವರ್ಷದ ಮದುವೆಯೇ ಬೇರೆ. "ಎರಡನೇ ಬೆಳಿಗೆ ನೀರು ಬಿಡ್ತಾರೇನ್ರಿ ಸರ?" ಎಂದು ಫೋಟೋದವರು ನನ್ನನ್ನು ಕೇಳಿದ್ದುಂಟು. "ಬೆಳಿ ನಿನಗ್ಯಾಕಪಾ, ಹೊಲ ಐತೇನು?" ಎಂದರೆ, "ಹೊಲ ಇಲ್ರಿ. ನೀರು ಬಿಟ್ಟರ ದೊಡ್ಡ ಆಲ್ಬಂ, ಬಿಡದಿದ್ದರ ಸಣ್ಣದು" ಎಂಬ ಉತ್ತರ. ೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ಮೂವತ್ತಮೂರು ತೂಬುಬಾಗಿಲುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಕಡಿದು ಬಾಗಿಲೇ ಕೊಚ್ಚಿಹೋದಾಗ ರೈತರಿಗಾದ ದಿಗಿಲು ಜಗತ್ತಿಗೆಲ್ಲ ತಿಳಿಯಿತು. ಅದೇ ದಿಗಿಲು ಪೇಟೆಯ ಫೋಟೋ ಅಂಗಡಿಗಳಿಗೂ ಆಗಿತ್ತೆಂದು ಬರೆದವರನ್ನು ನಾನು ಕಂಡಿಲ್ಲ.

ಖರ್ಚಿನ ಲೆಕ್ಕವನ್ನು ಕೊಂಚ ನೋಡೋಣ. ಲೆಕ್ಕವೆಂದರೆ ವಾಚಕರು ಹೆದರಬೇಕಾಗಿಲ್ಲ. ಹಿಂದಿನ ೧೨೦ ನಂಬರಿನ ಫಿಲ್ಮು ಸುರುಳಿಯೊಂದರಲ್ಲಿ ಚೌಕದ ಚಿತ್ರಗಳು ಹನ್ನೆರಡು. ಮದುವೆಯೊಂದಕ್ಕೆ ನಾಲ್ಕು ಸುರುಳಿ ಎಂದರೆ ನಲವತ್ತೆಂಟು ಚಿತ್ರ, ಅಷ್ಟರಲ್ಲಿ ಎಲ್ಲ ಬೀಗರೂ ಮುಗಿಯಬೇಕು. ಒಂದೊಂದು ಸಲ ಗುಂಡಿ ಒತ್ತುವಾಗಲೂ ದುಡ್ಡು ಹೋಗುತ್ತಿತ್ತಾದ್ದರಿಂದ ಕಣ್ಣು ಮೊದಲು ನೋಡಿ, ಬೆರಳು ಆಮೇಲೆ ಒತ್ತುತ್ತಿತ್ತು. ಈಗ ಎರಡು ದಿನದ ಮದುವೆಯಲ್ಲಿ ಮೂರು ಸಾವಿರ ಸಲ ಒತ್ತುವುದು ವಿಶೇಷವಲ್ಲ. ಫಿಲ್ಮಿಲ್ಲವಾದ್ದರಿಂದ ಖರ್ಚಿಲ್ಲ ಎಂದು ಗಿರಾಕಿ ತಿಳಿಯುತ್ತಾನೆ. ಖರ್ಚು ಬೇರೆ ಕಡೆ ಅಡಗಿದೆ. ಕ್ಯಾಮರಾದೊಳಗಿನ ಷಟರ್ ಎಂಬ ತೆರೆಗೆ ಆಯುಷ್ಯವುಂಟು. ಸಾಮಾನ್ಯವಾಗಿ ಒಂದು ಲಕ್ಷದಿಂದ ಎರಡು ಲಕ್ಷ ಸಲ ತೆರೆದು ಮುಚ್ಚಲೆಂದು ಅದನ್ನು ಮಾಡಿರುತ್ತಾರೆ. ಒಂದೂವರೆ ಲಕ್ಷ ಎಂದು ಹಿಡಿದರೆ, ಮದುವೆಗೆ ಮೂರು ಸಾವಿರದಂತೆ, ಐವತ್ತು ಮದುವೆಗೆ ಅದರ ಆಯುಷ್ಯ ಮುಗಿಯಿತು. ಒಳ್ಳೆಯ ಕ್ಯಾಮರಾ, ಎರಡು ಲೆನ್ಸು, ದೀಪಗಳು, ಗಣಕಯಂತ್ರ ಇವೆಲ್ಲ ಸೇರಿದರೆ ಒಂದು ಜೋಡಿ ಒಳ್ಳೆಯ ಎತ್ತುಗಳ ಬೆಲೆಗಿಂತ ಹೆಚ್ಚು. ಎತ್ತಾದರೂ ಮುದಿಯಾಗುವವರೆಗೆ ಉಳುತ್ತದೆ. ಕ್ಯಾಮರಾ ಕೆಡದಿದ್ದರೂ ಹೊಸ ಮಾದರಿ ಬಂದ ವರ್ಷ ಹಳತಾಗುತ್ತದೆ. ಮೇಲೆ ಹಾರುವ ಡ್ರೋನ್ ಇಲ್ಲದಿದ್ದರೆ ಈಗ ಮಾತುಕತೆಯೇ ಮುಂದುವರಿಯುವುದಿಲ್ಲವಂತೆ.

ಮೂರು ಸಾವಿರದಿಂದ ಮುನ್ನೂರನ್ನು ಆರಿಸಿ, ತಿದ್ದಿ, ಹಾಳೆಗಳಲ್ಲಿ ಹೊಂದಿಸಿ, ಅಚ್ಚಿಗೆ ಹುಬ್ಬಳ್ಳಿಗೋ ಹೈದರಾಬಾದಿಗೋ ಕಳಿಸಿ ತರಿಸುವುದಕ್ಕೆ ವಾರಗಟ್ಟಲೆ ಕೆಲಸ. ಮುಂಗಡವೆಂದು ಕೊಟ್ಟದ್ದು ಅಚ್ಚಿನ ಖರ್ಚಿಗೆ ಸರಿಹೋಗುತ್ತದೆ. ಉಳಿದ ಹಣ ಆಲ್ಬಂ ಒಯ್ಯುವಾಗ. ಮದುವೆಯ ಸಾಲ ತೀರಿಸುವ ಗಡಿಬಿಡಿಯಲ್ಲಿರುವ ಮನೆಯವರಿಗೆ ಆಲ್ಬಮ್ಮಿನ ಅವಸರ ಎಲ್ಲಿಯದು? ಪೆಂಡಾಲಿನವನು ಕಂಬ ಕೀಳುವ ಮೊದಲು ದುಡ್ಡು ಎಣಿಸಿಕೊಳ್ಳುತ್ತಾನೆ, ಅಡಿಗೆಯವರು ಒಲೆ ಆರಿಸುವ ಮೊದಲು. ಎಲ್ಲರಿಗೂ ಕೊನೆಗೆ ಕೈ ಚಾಚುವವನು ಫೋಟೋದವನು. ಅಂಗಡಿಯ ಕಪಾಟಿನಲ್ಲಿ ಯಾರೂ ಒಯ್ಯದ ಆಲ್ಬಮ್ಮುಗಳು ಒಂದರ ಮೇಲೊಂದು ಕೂತಿರುತ್ತವೆ; ಎಷ್ಟೋ ಜೋಡಿಗಳಿಗೆ ಮಕ್ಕಳಾಗಿರುತ್ತವೆ, ಆಲ್ಬಮ್ಮು ಮಾತ್ರ ಅಲ್ಲಿಯೇ.

ದಿನದ ಖರ್ಚಿಗೆ ಆಗುತ್ತಿದ್ದದ್ದು ಸಣ್ಣ ಚಿತ್ರ. ಪರೀಕ್ಷೆಯ ಅರ್ಜಿಗೆ, ಬ್ಯಾಂಕಿನ ಪುಸ್ತಕಕ್ಕೆ, ಪಿಂಚಣಿಗೆ. ಅಲ್ಲಿಯ ಮಾತುಕತೆಯೂ ಸ್ವಾರಸ್ಯವೇ. "ಯಜ್ಜಾ, ಇಲ್ಲಿ ನೋಡ್ರಿ, ರೆಪ್ಪಿ ಬಡೀಬ್ಯಾಡ್ರಿ." "ನಗಬೇಕೇನಪಾ ತಮ್ಮಾ?" "ಬ್ಯಾಡ್ರಿ, ಇದು ಪಿಂಚಣಿದು." ಮತದಾರರ ಗುರುತಿನ ಚೀಟಿ ೧೯೯೩ರಲ್ಲಿ ಬಂದಾಗ ಹಳ್ಳಿಹಳ್ಳಿಗೂ ಕ್ಯಾಮರಾ ಹೋಯಿತು, ಜೀವಮಾನದಲ್ಲಿ ಮೊದಲ ಸಲ ಮುಖ ತೆಗೆಸಿಕೊಂಡ ಮುದುಕಿಯರು ಎಷ್ಟೋ ಮಂದಿ. ೨೦೧೦ರಿಂದ ಆಧಾರ್ ಬಂತು. ಅದರ ಚಿತ್ರವನ್ನು ನೋಂದಣಿ ಕೇಂದ್ರದಲ್ಲಿಯೇ ತೆಗೆಯುತ್ತಾರೆ. ಆ ಮೇಲೆ ಒಂದೊಂದೇ ಕಚೇರಿ ಮೇಜಿನ ಮೇಲೆ ತನ್ನದೇ ಕಣ್ಣನ್ನು ಇಟ್ಟುಕೊಂಡಿತು. ಕೈಫೋನು ಮಿಕ್ಕದ್ದನ್ನು ಮುಗಿಸಿತು. ೨೦೨೦ರ ಮಾರ್ಚ್ ೨೫ರಂದು ದೇಶವೇ ಬಾಗಿಲು ಹಾಕಿಕೊಂಡಿತಲ್ಲ, ಅದು ಸರಿಯಾಗಿ ಯುಗಾದಿಯ ದಿನ, ಲಗ್ನಗಳ ಹಂಗಾಮು ತೆರೆಯುವ ಹೊತ್ತು. ಮುಂದೆ ಐವತ್ತೇ ಜನರ ಮದುವೆಗೆ ಅಪ್ಪಣೆಯಾದಾಗ ಎಷ್ಟೋ ಮನೆಗಳಲ್ಲಿ ಅಳಿಯನ ತಮ್ಮನ ಕೈಫೋನೇ ಛಾಯಾಗ್ರಾಹಕನಾಯಿತು. ಕಸಬನ್ನು ಮಗನಿಗೆ ಕಲಿಸಲೋ ಬೇಡವೋ ಎಂದು ಅಂಗಡಿಯವರು ಯೋಚಿಸತೊಡಗಿದ್ದು ಆಗಲೇ.

ಕಾನೂನಿನ ಎರಡು ಸಂಗತಿಗಳನ್ನು ಗಿರಾಕಿಗಳೂ ತಿಳಿದಿರುವುದು ಒಳ್ಳೆಯದು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯಂತೆ, ಹಣ ಕೊಟ್ಟು ಹೇಳಿ ತೆಗೆಸಿದ ಭಾವಚಿತ್ರದ ಒಡೆತನ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದು. ತಮ್ಮ ಮಗಳ ಮದುವೆಯ ಚಿತ್ರವನ್ನು ಅಂಗಡಿಯ ಗಾಜಿನ ಹಿಂದೆಯೋ ಅಂತರ್ಜಾಲದಲ್ಲಿಯೋ ಮೆರೆಸುವ ಮೊದಲು ಅವನು ತಮ್ಮನ್ನು ಕೇಳಬೇಕು. ಕೇಳಿದರೆ ಬೇಡವೆನ್ನುವವರು ಕಡಿಮೆ.

ಎರಡನೆಯದು ಇದಕ್ಕಿಂತ ಭಾರವಾದದ್ದು. ೨೦೦೬ರ ಬಾಲ್ಯವಿವಾಹ ನಿಷೇಧ ಕಾಯಿದೆ ಅಂಥ ಮದುವೆಯನ್ನು ನಡೆಸಿದವರಿಗೂ ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುತ್ತದೆ. ನಮ್ಮ ಕಡೆ ಈ ಪಿಡುಗು ಇನ್ನೂ ಹೋಗಿಲ್ಲವೆಂಬುದು ಹೈಸ್ಕೂಲಿನ ಹಾಜರಿ ಪುಸ್ತಕ ನೋಡುವ ನಮಗೆ ಗೊತ್ತು. ಒಂಬತ್ತನೆಯ ತರಗತಿಯ ಹುಡುಗಿ ಬೇಸಿಗೆ ರಜೆಯ ನಂತರ ಬರದೇ ಹೋದಳೆಂದರೆ ಕೇಳಬೇಕಾದದ್ದೇನೂ ಉಳಿದಿರುವುದಿಲ್ಲ. ಲಗ್ನಪತ್ರಿಕೆಯ ಮುದ್ರಕ, ಪುರೋಹಿತ, ಫೋಟೋದವ, ಈ ಮೂವರಿಗೆ ಸುದ್ದಿ ಉಳಿದವರಿಗಿಂತ ಮೊದಲು ಮುಟ್ಟುತ್ತದೆ. ಮುಂಗಡ ಹಿಡಿಯುವ ಮೊದಲು "ಹುಡುಗಿಗೆ ಎಷ್ಟರೀ ವಯಸ್ಸು?" ಎಂದು ಕೇಳಿದರೆ ಹಂಗಾಮಿನ ಒಂದು ಗಿರಾಕಿ ಹೋಗಬಹುದು, ಜೊತೆಗೆ ಆ ಓಣಿಯೇ ಹೋಗಬಹುದು. ಪಕ್ಕದ ಅಂಗಡಿಯವನು ಕೇಳದೆಯೇ ಒಪ್ಪಿಕೊಳ್ಳುತ್ತಾನೆ ಎಂಬ ಭಯವೂ ಇದೆ. ಆದರೂ ಕೇಳುವವರು ಇದ್ದಾರೆ. ಅವರ ಬಗ್ಗೆ ನನಗೆ ತುಂಬ ಗೌರವ.

ಇಷ್ಟು ಕಷ್ಟವಿದ್ದೂ ಜನ ಈ ಕಸಬನ್ನು ಏಕೆ ಬಿಡುವುದಿಲ್ಲ ಎಂದು ತಾವು ಕೇಳಬಹುದು. ಉತ್ತರ ಸಿಗಬೇಕಾದರೆ ಅವರು ಹಣಕ್ಕಲ್ಲದೆ ತೆಗೆದ ಚಿತ್ರಗಳನ್ನು ನೋಡಬೇಕು. ಆಷಾಢದ ಬಿಡುವಿನಲ್ಲಿ, ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಹೊರಟಾಗ ತೆಗೆದವು ಅವು. ಕಾಲುವೆಯ ನೀರು ಬಂದು ಆಗಸ್ಟಿನಲ್ಲಿ ನಾಟಿ ಸುರುವಾದಾಗ ಸಿಂಧನೂರಿನ ಗದ್ದೆಗಳೆಲ್ಲ ಕನ್ನಡಿಯಾಗುತ್ತವೆ. ಬಾಗಿ ನಾಟಿ ಮಾಡುವ ಹೆಂಗಸಿನ ಮುಖದ ಮೇಲೆ ಸೆರಗಿನ ನೆರಳಿರುತ್ತದೆ. ಬೇರೆ ಕಡೆಯಾದರೆ ಆ ಮುಖ ಕಪ್ಪಾಗಿ ಹೋಗಬೇಕು. ಇಲ್ಲಿ ನೀರಿನಿಂದ ಪುಟಿದ ಬೆಳಕು ಕೆಳಗಿನಿಂದ ಬಂದು ಮುಖವನ್ನು ತಿಳಿಯಾಗಿ ಬೆಳಗುತ್ತದೆ. ಸ್ಟುಡಿಯೋದವರು ಬಿಳಿಯ ರಟ್ಟು ಹಿಡಿದು ಮಾಡುವ ಕೆಲಸವನ್ನು ಗದ್ದೆ ತಾನಾಗಿ ಮಾಡುತ್ತದೆ.

ಮುದಗಲ್ಲಿನ ಮೊಹರಂ ಇನ್ನೊಂದು. ಹಿಂದೂಗಳೂ ಮುಸಲ್ಮಾನರೂ ಕೂಡಿ ಅಲಾಯಿ ದೇವರನ್ನು ಹೊರುವ ಆ ಹಬ್ಬಕ್ಕೆ ದೂರದೂರದ ಜನ ಸೇರುತ್ತಾರೆ. ರಾತ್ರಿ ಕುಣಿಯ ಬೆಂಕಿಯ ಬೆಳಕೊಂದೇ. ಅಲ್ಲಿ ಮಿಂಚುದೀಪ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ, ಹಬ್ಬ ಸತ್ತುಹೋಗುತ್ತದೆ. ಬೆಂಕಿಯ ಬೆಳಕಿನಲ್ಲಿಯೇ ತೆಗೆಯಬೇಕಾದರೆ ಷಟರ್ ಹೆಚ್ಚು ಹೊತ್ತು ತೆರೆದಿರಬೇಕು. ಕುಣಿಯುವವರ ಕೈಕಾಲು ಮಸುಕಾಗುತ್ತದೆ. ಆ ಮಸುಕನ್ನು ಒಪ್ಪಿಕೊಳ್ಳುವ ಧೈರ್ಯ ಬಂದ ದಿನ ಅವನು ಕಸಬಿನಿಂದ ಕಲೆಗೆ ಒಂದು ಹೆಜ್ಜೆ ಇಟ್ಟನೆಂದು ನಾನು ತಿಳಿಯುತ್ತೇನೆ. ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಅವರನ್ನು ನಮ್ಮವರು ಗುರುವಿನಂತೆ ನೆನೆಯುವುದೂ ಇದಕ್ಕಾಗಿಯೇ. ಪತ್ರಿಕೆಗಳಿಗೆ ದುಡಿದ ಸತ್ಯನ್ ದೊಡ್ಡವರ ಚಿತ್ರಗಳನ್ನೂ ತೆಗೆದರು. ಆದರೆ ಜನ ಮರೆಯದೇ ಇರುವುದು ಬೀದಿಯ ಮಕ್ಕಳು, ಸಂತೆಯ ಹೆಂಗಸರು, ಕೆಲಸದಲ್ಲಿ ಮುಳುಗಿದ ಸಾಮಾನ್ಯರು. ೧೯೭೭ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಊರೂರಿನ ಸ್ಟುಡಿಯೋದವರಿಗೂ ಅದು ಹೆಮ್ಮೆಯ ಸುದ್ದಿಯೇ.

ಮಸ್ಕಿಯ ಬೆಟ್ಟಕ್ಕೆ ಬರೋಣ. ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ೧೯೧೫ರಲ್ಲಿ ಚಿನ್ನದ ಅದಿರು ಹುಡುಕಲು ಬಂದಿದ್ದ ಬೀಡನ್ ಎಂಬ ಇಂಜಿನಿಯರು ಅದನ್ನು ಕಂಡರು, ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಛಾಯಾಗ್ರಾಹಕನಿಗೆ ಆ ಬಂಡೆ ಒಂದು ಪಾಠ. ನಡುಹಗಲಿನಲ್ಲಿ, ಇಲ್ಲವೆ ನೇರ ಎದುರಿನಿಂದ ದೀಪ ಹಾಕಿ ತೆಗೆದರೆ ಸವೆದ ಅಕ್ಷರಗಳು ಕಾಣುವುದೇ ಇಲ್ಲ, ಕಲ್ಲು ಬರಿದಾಗಿ ತೋರುತ್ತದೆ. ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಓರೆಯಾಗಿ ಬಂದಾಗ ಒಂದೊಂದು ಗೀರಿನೊಳಗೂ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ. ನೆರಳಿನ ಪಕ್ಷ ನನ್ನದೆಂದು ಹಿಂದೆ ಹೇಳಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ ಆ ಕಲ್ಲಿನ ಹಿರಿಮೆ ಇರುವುದು ಒಂದು ಹೆಸರಿನಲ್ಲಿ. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ೧೮೩೭ರಲ್ಲಿ ಓದಿದ ಮೇಲೆ, ದೇಶದ ನಾನಾ ಕಡೆಯ ಬಂಡೆ ಕಂಬಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಕಂಡುಬಂದವು. ಅರಸನ ಸ್ವಂತ ಹೆಸರಿರಲಿಲ್ಲ. ಅವನೇ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರು. ದೇವಾನಾಂಪ್ರಿಯ ಎಂಬುದರ ಜೊತೆಗೆ ಅಶೋಕ ಎಂಬ ಹೆಸರನ್ನು ತೋರಿಸಿ ಆ ಮಾತನ್ನು ಕಲ್ಲಿನ ಮೇಲೆ ಗಟ್ಟಿಮಾಡಿದ್ದು ಮಸ್ಕಿ. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಇಲ್ಲಿಯೇ ಹೊಳೆಯಾಚೆಯ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳಗಳಲ್ಲಿಯೂ ಆ ಹೆಸರು ದೊರೆಯಿತು. ಮೂರೇ ಅಕ್ಷರ. ಅವನ್ನು ಕೊರೆಯುವ ಶ್ರಮವನ್ನು ಒಬ್ಬ ಕಲ್ಲುಕುಟಿಗ ಪಡದೇ ಹೋಗಿದ್ದರೆ ಮಸ್ಕಿಯ ಬಂಡೆ ಹತ್ತರಲ್ಲಿ ಹನ್ನೊಂದನೆಯದಾಗಿರುತ್ತಿತ್ತು.

ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಫೋಟೋ ಅಂಗಡಿಯ ಅಟ್ಟವನ್ನು ನೋಡಬೇಕು. ಹಳೆಯ ಬ್ರೊಮೈಡ್ ಕಾಗದದ ಡಬ್ಬಿಗಳಲ್ಲಿ ಸಾವಿರಗಟ್ಟಲೆ ನೆಗೆಟಿವ್. ಅರಸರ, ಮಂತ್ರಿಗಳ ಮುಖಗಳು ಗ್ರಂಥಾಲಯಗಳಲ್ಲಿ ಭದ್ರವಾಗಿವೆ. ಎರೆಹೊಲದ ರೈತ, ಹಟ್ಟಿಯ ಗಣಿ ಕಾರ್ಮಿಕ, ಪೂರ್ವ ಬಂಗಾಲದಿಂದ ನಿರಾಶ್ರಿತರಾಗಿ ಬಂದು ಸಿಂಧನೂರಿನ ಆರ್. ಎಚ್. ಕ್ಯಾಂಪಿನಲ್ಲಿ ನೆಲೆ ಕಂಡವರು, ಹೈಸ್ಕೂಲಿನ ಒಂದೊಂದು ವರ್ಷದ ಮಕ್ಕಳ ಸಾಲು, ಇವರೆಲ್ಲರ ಮುಖ ಇರುವುದು ಈ ಡಬ್ಬಿಗಳಲ್ಲಿ ಮಾತ್ರ. ಡಬ್ಬಿಯ ಮೇಲೆ ಕೆಲವೊಮ್ಮೆ ಒಂದು ಇಸವಿ, ಹೆಚ್ಚಾಗಿ ಅದೂ ಇಲ್ಲ. ಬೆಳಕಿಗೆ ಹಿಡಿದರೆ ಕರಿಯ ಹಲ್ಲು, ಬಿಳಿಯ ಕಣ್ಣುಗುಡ್ಡೆಯ ಮುಖಗಳು ನೋಡುತ್ತವೆ. ಯಾರೆಂದು ಹೇಳಬಲ್ಲವನು ಅಂಗಡಿಯ ಮುದುಕ ಒಬ್ಬನೇ. ಬಾಡಿಗೆ ಮಳಿಗೆ ಬಿಡಬೇಕಾದಾಗ, ಮುದುಕ ತೀರಿಕೊಂಡಾಗ, ಅವು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳ್ಳಿಯಿದೆ, ಅದನ್ನು ತೆಗೆಯುವವರಿದ್ದಾರೆ. ಮೂವತ್ತು ನಲವತ್ತು ವರ್ಷ ಊರಿನ ಮುಖಗಳನ್ನು ಹಿಡಿದದ್ದು ಕೊನೆಗೆ ಒಂದು ಚಿಟಿಕೆ ಬೆಳ್ಳಿ.

ಗುಜರಿಗೆ ಹೋಗದಿದ್ದರೂ ತಗಡಿನ ಮಾಡಿನ ಕೆಳಗಿನ ಸೆಕೆ ಬಿಡುವುದಿಲ್ಲ. ಹಳೆಯ ಅಸಿಟೇಟ್ ಫಿಲ್ಮು ಸೆಕೆಗೂ ತೇವಕ್ಕೂ ಕೊಳೆಯುತ್ತದೆ. ಡಬ್ಬಿ ತೆರೆದಾಗ ಹುಳಿ ವಾಸನೆ ಬಂದರೆ ಅದು ಸುರುವಾಯಿತೆಂದೇ ತಿಳಿಯಬೇಕು. ೧೯೮೦ರ ಸುಮಾರಿನ ಬಣ್ಣದ ಚಿತ್ರಗಳು ಈಗ ಕೆಂಪಾಗಿ ಕೂತಿವೆ. ಅವಕ್ಕಿಂತ ಹಿಂದಿನ ಕಪ್ಪುಬಿಳುಪು ಚಿತ್ರಗಳು, ಹೈಪೋವನ್ನು ಚೆನ್ನಾಗಿ ತೊಳೆದಿದ್ದರೆ, ಇನ್ನೂ ಹೊಸದರಂತಿವೆ. ಇಂದಿನ ಚಿತ್ರಗಳ ಗತಿ ಹೇಗೋ! ಮಗಳ ಮದುವೆಯೆಲ್ಲ ಒಂದು ಹಾರ್ಡ್ ಡಿಸ್ಕಿನೊಳಗೆ ಇದೆಯೆಂದು ನಂಬಿದ್ದು, ಅದು ಒಂದು ದಿನ ತಿರುಗದೇ ಹೋದಾಗ ಅಳುತ್ತ ಅಂಗಡಿಗೆ ಬಂದವರ ಕಥೆಯನ್ನು ಫೋಟೋದವರೆಲ್ಲ ಹೇಳುತ್ತಾರೆ.

ಆದ್ದರಿಂದ ಮನೆಯಲ್ಲಿ ಮಾಡಬಹುದಾದ ಕೆಲವು ಕೆಲಸಗಳನ್ನು ಅವರ ಬಾಯಿಂದ ಕೇಳಿದಂತೆಯೇ ಹೇಳುತ್ತೇನೆ. ಮನೆಯ ಹಿರಿಯರು ಇರುವಾಗಲೇ ಹಳೆಯ ಚಿತ್ರಗಳನ್ನೆಲ್ಲ ಒಂದು ಮಧ್ಯಾಹ್ನ ಅವರ ಮುಂದೆ ಹರಡಿ. ಅವರು ಹೇಳಿದ ಹೆಸರುಗಳನ್ನು ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಸೀಸದಕಡ್ಡಿಯಿಂದ, ಒತ್ತದೆ, ಅಂಚಿನಲ್ಲಿ ಬರೆಯಿರಿ. ಮಸಿ ಬೇಡ, ಅದು ಮುಂದಕ್ಕೆ ಇಳಿಯುತ್ತದೆ. ಗುಂಪಿನ ಚಿತ್ರವಾದರೆ ಹಿಂದಿನ ಸಾಲು, ನಡುವಿನ ಸಾಲು, ಮುಂದಿನ ಸಾಲು, ಎಡದಿಂದ ಬಲಕ್ಕೆ. "ದೊಡ್ಡಪ್ಪ" ಎಂದು ಬರೆದರೆ ಮುಂದಿನವರಿಗೆ ಯಾರ ದೊಡ್ಡಪ್ಪನೆಂದು ತಿಳಿಯದು. ಹೆಸರು, ಊರು, ಇಸವಿ ಬೇಕು. ತೆಗೆದವರ ಮೊಹರು ಇದ್ದರೆ ಅದರ ಮೇಲೆ ಬರೆಯಬೇಡಿ. ಅಂಗಡಿಯವರಲ್ಲಿ ತಮ್ಮ ಮನೆಯ ನೆಗೆಟಿವ್ ಉಳಿದಿದ್ದರೆ ಬೆಲೆ ಕೊಟ್ಟು ತಂದು, ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಹಾಕಿ ಕೆಳಮನೆಯ ತಂಪಾದ ಕಪಾಟಿನಲ್ಲಿಡಿ. ಅಟ್ಟ ಬೇಡ.

ಮಳೆಗಾಲದ ತೇವಕ್ಕೆ ಕಟ್ಟಿನ ಗಾಜಿಗೆ ಚಿತ್ರ ಅಂಟಿಕೊಂಡಿರುವುದು ಬಹಳ ಮನೆಗಳಲ್ಲಿ ಕಾಣುತ್ತದೆ. ಅದನ್ನು ಉಗುರಿನಿಂದಲೋ ಚಾಕುವಿನಿಂದಲೋ ಬಿಡಿಸಲು ಹೋಗಬಾರದು. ಅಂಟಿಕೊಂಡಿರುವುದು ಮುಖದ ಪದರವೇ, ಅದು ಗಾಜಿನ ಜೊತೆ ಉಳಿದು ಕೈಗೆ ಬರೀ ಕಾಗದ ಬರುತ್ತದೆ. ಗಾಜಿನ ಸಮೇತ ಅಂಗಡಿಗೆ ಒಯ್ದರೆ, ಎರಡು ಬದಿಯಿಂದ ಓರೆಯಾಗಿ ದೀಪವಿಟ್ಟು, ಎದುರಿಗೆ ಕರಿಯ ಬಟ್ಟೆ ಕಟ್ಟಿ, ಗಾಜಿನ ಹೊಳಪು ಬೀಳದಂತೆ ಅದರ ಮೇಲಿನಿಂದಲೇ ಪ್ರತಿ ತೆಗೆದುಕೊಡುತ್ತಾರೆ. ಅರ್ಧ ಗಂಟೆಯ ಕೆಲಸ. ಆಷಾಢದಲ್ಲಿ ಹೋದರೆ ಅವರಿಗೂ ಬಿಡುವಿರುತ್ತದೆ.